ಮೀಸಲು ಆಟಗಾರ

ಆಟದ ಪಂದ್ಯವೊಂದನ್ನು ನೋಡಲು ಹೋದಾಗ ನಮ್ಮ ದೃಷ್ಟಿ ಸಹಜವಾಗಿಯೇ ಅಂಗಣದ ಒಳಗೆ ನೆಟ್ಟಿರುತ್ತದೆ. ಚೆಂಡು ಎತ್ತ ಹೋಗುವುದೋ ಕಣ್ಣು ಅತ್ತ ಹೋಗುತ್ತದೆ. ಗೆರೆಯ ಆಚೆ, ಉದ್ದನೆಯ ಬೆಂಚಿನ ಮೇಲೆ, ಹೆಗಲಿಗೆ ಟವಲು ಹಾಕಿಕೊಂಡು ಮುಂದಕ್ಕೆ ಬಾಗಿ ಕುಳಿತ ಕೆಲವರನ್ನು ನಾವು ನೋಡಿಯೂ ನೋಡದವರಂತೆ ಇರುತ್ತೇವೆ. ಅವರೂ ಅದೇ ಬಣ್ಣದ ಅಂಗಿಯನ್ನು ತೊಟ್ಟವರು. ಅವರ ಬೆನ್ನಿನ ಮೇಲೂ ಅಂಕಿಗಳಿವೆ. ಒಳಗಿರುವವರು ಎಷ್ಟು ದಿನ ಬೆವರು ಸುರಿಸಿ ಅಭ್ಯಾಸ ಮಾಡಿದರೋ ಅಷ್ಟೇ ದಿನ ಇವರೂ ಮಾಡಿದ್ದಾರೆ. ಇವರೇ ಮೀಸಲು ಆಟಗಾರರು. ಪಂದ್ಯ ಮುಗಿದ ಮೇಲೆ ಬೆಂಚಿನಿಂದ ಏಳದೆಯೇ ಮನೆಗೆ ಹೋಗುವ ದಿನಗಳೂ ಇವರ ಬಾಳಿನಲ್ಲಿ ಎಷ್ಟೋ ಇರುತ್ತವೆ.

ತಂಡಗಳನ್ನು ಆರಿಸಿ ಅನುಭವವುಳ್ಳವರು ಹೇಳುವ ಮಾತೊಂದಿದೆ. ಮೊದಲ ಐವರನ್ನೋ ಹನ್ನೊಂದು ಮಂದಿಯನ್ನೋ ಆರಿಸುವುದು ದೊಡ್ಡ ಕೆಲಸವಲ್ಲ. ಅವರ ಆಟವೇ ಅವರನ್ನು ಆರಿಸಿಬಿಡುತ್ತದೆ. ಪಟ್ಟಿಯ ಕೊನೆಯ ಎರಡು ಮೂರು ಹೆಸರುಗಳನ್ನು ಬರೆಯುವಾಗಲೇ ಲೇಖನಿ ತಡೆಯುವುದು. ಈ ಮಾತಿನ ಅರ್ಥ ನನಗೆ ಮೊದಲು ತಿಳಿದದ್ದು ಹುಡುಗನಾಗಿದ್ದಾಗ, ಅದೂ ಸ್ವಲ್ಪ ಕಹಿಯಾದ ರೀತಿಯಲ್ಲಿ.

ನಾನು ಓದಿದ್ದು ಬೆಂಗಳೂರಿನ ರಾಜಾಜಿನಗರದ ಒಂದು ಪ್ರೌಢಶಾಲೆಯಲ್ಲಿ. ಶಾಲೆಯ ಹಿಂದೆ ಮಣ್ಣಿನ ಬ್ಯಾಸ್ಕೆಟ್‌ಬಾಲ್ ಅಂಗಣವಿತ್ತು. ಮಳೆ ಬಂದರೆ ಕೆಸರು, ಬೇಸಗೆಯಲ್ಲಿ ಧೂಳು. ಅಂತರಶಾಲಾ ಪಂದ್ಯಗಳಿಗೆ ಹನ್ನೆರಡು ಮಂದಿಯ ಹೆಸರನ್ನು ಕಳುಹಿಸಬೇಕಾಗಿತ್ತು. ನಾವು ಹದಿನೈದು ಹದಿನಾರು ಹುಡುಗರು ದಿನವೂ ಬೆಳಗಿನ ಜಾವ ಬಂದು ಅಭ್ಯಾಸ ಮಾಡುತ್ತಿದ್ದೆವು. ವ್ಯಾಯಾಮ ಶಿಕ್ಷಕರು ಸೂಚನಾ ಫಲಕದ ಮೇಲೆ ಪಟ್ಟಿಯನ್ನು ಅಂಟಿಸಿದ ದಿನ ಮೊದಲ ಒಂಬತ್ತು ಹತ್ತು ಹೆಸರುಗಳು ಯಾರಿಗೂ ಆಶ್ಚರ್ಯವನ್ನುಂಟುಮಾಡಲಿಲ್ಲ. ಹನ್ನೆರಡನೆಯ ಹೆಸರು ಮಾತ್ರ ನನ್ನದಾಗಿರಲಿಲ್ಲ. ಅದು ನನಗಿಂತ ಗಿಡ್ಡನಾದ, ಹತ್ತು ಬಾರಿ ಎಸೆದರೆ ಮೂರು ಬಾರಿಯೂ ಬುಟ್ಟಿಗೆ ಹಾಕಲಾರದ ಒಬ್ಬ ಹುಡುಗನದು.

ನಾನು ಕಣ್ಣೀರನ್ನು ನುಂಗಿಕೊಂಡು ಶಿಕ್ಷಕರ ಬಳಿಗೆ ಹೋದೆ. ಅವರು ಗದರಿಸಲಿಲ್ಲ. ‘ನೀನು ಅವನಿಗಿಂತ ಚೆನ್ನಾಗಿ ಎಸೆಯುತ್ತೀಯೆ, ನಿಜ. ಆದರೆ ನಿನ್ನ ಹಾಗೆ ಎಸೆಯುವವರು ನನ್ನ ಹತ್ತಿರ ಆಗಲೇ ಆರು ಜನ ಇದ್ದಾರೆ. ಆ ಆರು ಜನರೂ ದಣಿದಾಗ, ಎದುರಾಳಿಗಳು ಮೈಮೇಲೆ ಬೀಳುತ್ತಿರುವಾಗ, ಎರಡು ನಿಮಿಷ ಚೆಂಡನ್ನು ಯಾರಿಗೂ ಬಿಟ್ಟುಕೊಡದೆ ಕಾಪಾಡುವವನು ಯಾರು? ಅವನೊಬ್ಬನೇ’ ಎಂದರು. ಆಗ ಆ ಉತ್ತರ ನನಗೆ ಸಮಾಧಾನ ತರಲಿಲ್ಲ. ವಾಸ್ತವವಾಗಿ, ಹಲವು ವರ್ಷಗಳವರೆಗೆ ಅದನ್ನು ಅನ್ಯಾಯವೆಂದೇ ತಿಳಿದಿದ್ದೆ. ತಂಡದ ಪಟ್ಟಿಯೆಂದರೆ ಅಂಕಪಟ್ಟಿಯಂತೆ, ಹನ್ನೆರಡನೆಯ ಸ್ಥಾನ ಹನ್ನೆರಡನೆಯ ಉತ್ತಮ ಆಟಗಾರನಿಗೆ ಸಲ್ಲಬೇಕು ಎಂಬುದು ನನ್ನ ಲೆಕ್ಕ. ಆದರೆ ತಂಡವನ್ನು ಕಟ್ಟುವವನ ಲೆಕ್ಕವೇ ಬೇರೆ. ಹನ್ನೊಂದು ಮಂದಿ ಸೇರಿದ ಮೇಲೆ ಅವರಲ್ಲಿ ಯಾವ ಕೊರತೆ ಉಳಿದಿದೆ ಎಂಬುದನ್ನು ಅವನು ಹುಡುಕುತ್ತಾನೆ. ಆ ಕೊರತೆಯನ್ನು ತುಂಬಬಲ್ಲವನೇ ಅವನಿಗೆ ಹನ್ನೆರಡನೆಯವನು.

ಬ್ಯಾಸ್ಕೆಟ್‌ಬಾಲ್ ಆಟದ ನಿಯಮಗಳನ್ನು ಸ್ವಲ್ಪ ಗಮನಿಸಿದರೆ ಈ ಲೆಕ್ಕ ಸ್ಪಷ್ಟವಾಗುತ್ತದೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಈ ಆಟವನ್ನು ರೂಪಿಸಿದಾಗ ಒಂದೊಂದು ಕಡೆ ಒಂಬತ್ತು ಮಂದಿ ಆಡಿದ್ದರು. ಇಂದು ಅಂಗಣದಲ್ಲಿರುವವರು ಐವರು. ಅಂತರರಾಷ್ಟ್ರೀಯ ನಿಯಮದಂತೆ ಪಟ್ಟಿಯಲ್ಲಿ ಹನ್ನೆರಡು ಮಂದಿ. ಹತ್ತು ನಿಮಿಷಗಳ ನಾಲ್ಕು ಅವಧಿಗಳು. ಐವರು ನಲವತ್ತು ನಿಮಿಷ ಆಡುವರೆಂದರೆ ತಂಡವೊಂದು ಹಂಚಬೇಕಾದದ್ದು ಒಟ್ಟು 200 ನಿಮಿಷಗಳು. ಈ ಓಟದ ಆಟದಲ್ಲಿ ಯಾರೂ ನಲವತ್ತು ನಿಮಿಷವೂ ಒಂದೇ ವೇಗದಲ್ಲಿ ಓಡಲಾರರು. ಅದರ ಮೇಲೆ, ಐದು ಸಲ ತಪ್ಪೆಸಗಿದವನು ಹೊರಗೆ ಹೋಗಲೇಬೇಕು. ಮತ್ತೆ ಒಳಗೆ ಬರುವಂತಿಲ್ಲ. ಹಾಗೆ ಹೊರಬೀಳುವವನು ಬಹುಮಟ್ಟಿಗೆ ಎದುರಾಳಿಯ ಅತ್ಯುತ್ತಮ ಆಟಗಾರನನ್ನು ತಡೆಯಲು ನಿಂತವನೇ ಆಗಿರುತ್ತಾನೆ. ಆದ್ದರಿಂದ ಬೆಂಚಿನ ಮೇಲಿರುವ ಏಳು ಮಂದಿಯನ್ನು ಆರಿಸುವುದೆಂದರೆ ಬರಬಹುದಾದ ಆಪತ್ತುಗಳನ್ನು ಮುಂದಾಗಿ ಎಣಿಸಿ, ಒಂದೊಂದಕ್ಕೂ ಒಬ್ಬನನ್ನು ಸಿದ್ಧಗೊಳಿಸುವುದು. ನಮ್ಮ ನಗರದ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರ ಜುಲೈ ತಿಂಗಳಲ್ಲಿ ಮಹಿಳೆಯರ ಏಷ್ಯಾ ಕಪ್ ಪಂದ್ಯಗಳು ನಡೆದಾಗ, ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತವು ಕಜಕಸ್ತಾನವನ್ನು 75–73ರಿಂದ ಸೋಲಿಸಿತು. ಎರಡೇ ಅಂಕಗಳ ಅಂತರ! ಇಂತಹ ಪಂದ್ಯದಲ್ಲಿ ಮುಖ್ಯರಾದವರು ಉಸಿರು ತಿರುಗಿಸಿಕೊಳ್ಳಲು ಹೊರಗೆ ಕುಳಿತ ಆ ನಾಲ್ಕಾರು ನಿಮಿಷಗಳನ್ನು ಯಾರು ಹೇಗೆ ಆಡಿದರು ಎಂಬುದು ಸಣ್ಣ ಸಂಗತಿಯಲ್ಲ.

ಹಣಕ್ಕಾಗಿ ಆಡುವ ವೃತ್ತಿಪರ ತಂಡಗಳು ಈ ವಿದ್ಯೆಯನ್ನು ಬಹಳ ದೂರ ಬೆಳೆಸಿವೆ. ಅಮೆರಿಕದ ಬಾಸ್ಟನ್ ಸೆಲ್ಟಿಕ್ಸ್ ತಂಡದ ತರಬೇತುದಾರರಾಗಿದ್ದ ರೆಡ್ ಔರ್‌ಬ್ಯಾಕ್ ಎಂಬವರು ತಮ್ಮ ಉತ್ತಮ ಆಟಗಾರರಲ್ಲೊಬ್ಬನನ್ನು ಬೇಕೆಂದೇ ಆರಂಭದಲ್ಲಿ ಹೊರಗೆ ಕೂರಿಸುತ್ತಿದ್ದರು. ಎದುರಾಳಿಗಳು ಮೊದಲ ಬಾರಿಗೆ ದಣಿಯುವ ಹೊತ್ತಿಗೆ ಹೊಸ ಬಲದಿಂದ ಅವನು ಒಳನುಗ್ಗುತ್ತಿದ್ದನು. ‘ಆರನೆಯ ಆಟಗಾರ’ ಎಂಬ ಹೆಸರೇ ಇದರಿಂದ ಗೌರವದ ಹೆಸರಾಯಿತು. 1983ರಿಂದ ಅಲ್ಲಿ ಅತ್ಯುತ್ತಮ ಆರನೆಯ ಆಟಗಾರನಿಗೆಂದೇ ಪ್ರತ್ಯೇಕ ಪ್ರಶಸ್ತಿಯೂ ಇದೆ. ಆದರೆ ಅದೇ ದೇಶದಲ್ಲಿ ಬೆಂಚಿನ ತುತ್ತತುದಿಯಲ್ಲಿರುವವನ ಸ್ಥಿತಿ ಹಾಗಿಲ್ಲ. ಹದಿನೈದನೆಯವನಾಗಿ ಹತ್ತೇ ದಿನಗಳ ಕರಾರಿಗೆ ಸಹಿ ಹಾಕಿ, ಹನ್ನೊಂದನೆಯ ದಿನ ಪೆಟ್ಟಿಗೆಯನ್ನು ಕಟ್ಟಿಕೊಂಡು ಹೊರಡುವವರೂ ಅಲ್ಲಿದ್ದಾರೆ. ನಮ್ಮ ದೇಶದಲ್ಲಿ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಇನ್ನೂ ಎಳೆಯದು. 2022ರಲ್ಲಿ ಆರು ನಗರಗಳ ತಂಡಗಳೊಡನೆ ಲೀಗ್ ಒಂದು ಆರಂಭವಾಗಿ, ‘ಬೆಂಗಳೂರು ಕಿಂಗ್ಸ್’ ಅದರಲ್ಲಿ ನಮ್ಮ ನಗರದ ಹೆಸರಿನಲ್ಲಿ ಆಡಿತು.

ಮೀಸಲು ಆಟಗಾರರ ಆಯ್ಕೆ ಎಷ್ಟು ಕಠಿಣವಾಗಿರಬಲ್ಲದು ಎಂಬುದನ್ನು ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ರಾಜಾಜಿನಗರದಿಂದ ದಕ್ಷಿಣಕ್ಕೆ ಹೊರಟು, ವಿಜಯನಗರವನ್ನು ಹಾಯ್ದು, ಮೈಸೂರು ರಸ್ತೆಯನ್ನು ಹಿಡಿದು ಕೆಂಗೇರಿಯ ಕಡೆಗೆ ಸಾಗಿದರೆ ಸಾಕು. ಈಗ ಆ ದಾರಿಯಲ್ಲಿ ಮೆಟ್ರೊ ರೈಲು ಓಡುತ್ತದೆ. ಜ್ಞಾನಭಾರತಿ ಎಂಬ ಹೆಸರಿನ ನಿಲ್ದಾಣವೂ ಇದೆ. ಬೆಂಗಳೂರು ವಿಶ್ವವಿದ್ಯಾನಿಲಯದ ಆ ವಿಶಾಲವಾದ ಆವರಣದಲ್ಲಿ, ಮರಗಳ ನಡುವೆ, ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ನೇತಾಜಿ ಸುಭಾಷರ ಹೆಸರನ್ನು ಹೊತ್ತ ಈ ಕೇಂದ್ರದಲ್ಲಿ ಹಲವು ಕ್ರೀಡೆಗಳ ತರಬೇತಿ ನಡೆಯುತ್ತದೆ. ಭಾರತದ ಹಾಕಿ ತಂಡಗಳ ರಾಷ್ಟ್ರೀಯ ಶಿಬಿರಗಳು ಹಲವು ವರ್ಷಗಳಿಂದ ಬಹುಮಟ್ಟಿಗೆ ಇಲ್ಲಿಯೇ ನಡೆದಿವೆ. ಪಂಜಾಬ್, ಒಡಿಶಾ, ಮಣಿಪುರ, ಕೇರಳ, ಕೊಡಗು ಎಂದು ನಾನಾ ಕಡೆಗಳಿಂದ ಬಂದ ಯುವಕರು ತಿಂಗಳುಗಟ್ಟಲೆ ಇಲ್ಲಿ ಒಂದೇ ಸೂರಿನಡಿ ವಾಸಿಸುತ್ತಾರೆ. ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ನೀರು ಚಿಮುಕಿಸಿದ ಕೃತಕ ಹುಲ್ಲಿನ ಮೇಲೆ ಒಬ್ಬರೊಡನೊಬ್ಬರು ಸೆಣಸುತ್ತಾರೆ. ಶಿಬಿರದಲ್ಲಿರುವವರು ಸುಮಾರು ಮೂವತ್ತು ಮಂದಿ. ಒಲಿಂಪಿಕ್ ಪಟ್ಟಿಯಲ್ಲಿ ಸ್ಥಳವಿರುವುದು ಹದಿನಾರು ಮಂದಿಗೆ ಮಾತ್ರ.

ಹಾಕಿಯಲ್ಲಿ ಅಂಗಣದಲ್ಲಿ ಆಡುವವರು ಹನ್ನೊಂದು ಮಂದಿ. ಹಾಗಾದರೆ ಹದಿನಾರರಲ್ಲಿ ಉಳಿದವರು ಐವರು. ಈ ಐವರನ್ನು ಸಾಮಾನ್ಯ ಅರ್ಥದಲ್ಲಿ ಮೀಸಲು ಆಟಗಾರರು ಎನ್ನುವಂತಿಲ್ಲ. 1990ರ ದಶಕದಿಂದ ಈಚೆಗೆ ಹಾಕಿಯಲ್ಲಿ ಎಷ್ಟು ಬಾರಿ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಹೊರಗೆ ಬಂದವನು ನೀರು ಕುಡಿದು ಮತ್ತೆ ಒಳಗೆ ಹೋಗಬಹುದು. ಮುಂಪಡೆಯವರು ಕೆಲವೇ ನಿಮಿಷ ಶಕ್ತಿ ಮೀರಿ ಓಡಿ ಹೊರಗೆ ಬರುತ್ತಾರೆ, ಮತ್ತೊಬ್ಬರು ಹೋಗುತ್ತಾರೆ. ಹೀಗಾಗಿ ಹದಿನಾರು ಮಂದಿಯೂ ದುಡಿಯುವವರೇ. ನಿಜವಾದ ಮೀಸಲು ಆಟಗಾರರು ಈ ಹದಿನಾರರ ಆಚೆ ಇರುವ ಇಬ್ಬರೋ ಮೂವರೋ. ತಂಡದೊಡನೆ ಪ್ರಯಾಣ ಮಾಡಿ, ತಂಡದೊಡನೆ ಅಭ್ಯಾಸ ಮಾಡಿ, ಯಾರಾದರೂ ಗಾಯಗೊಂಡರೆ ಮಾತ್ರ ಆಡಬಹುದಾದವರು ಅವರು. ಗೆಳೆಯನೊಬ್ಬನು ಗಾಯಗೊಳ್ಳಲಿ ಎಂದು ಯಾರೂ ಬಯಸಲಾರರು. ಗಾಯಗೊಳ್ಳದಿದ್ದರೆ ತನಗೆ ಆಟವಿಲ್ಲ. ಇಂತಹ ಇಕ್ಕಟ್ಟಿನಲ್ಲಿ ಮನಸ್ಸನ್ನು ಹದವಾಗಿ ಇಟ್ಟುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಹದಿನಾರು ಮಂದಿಯನ್ನು ಆರಿಸುವಾಗ ಮೊದಲು ಬರುವ ಪ್ರಶ್ನೆ ಗೋಲ್ ರಕ್ಷಕನದು. ಇಬ್ಬರು ಗೋಲ್ ರಕ್ಷಕರನ್ನು ಒಯ್ದರೆ ಓಡಾಡಿ ಆಡುವವರಲ್ಲಿ ಒಬ್ಬನು ಕಡಿಮೆಯಾಗುತ್ತಾನೆ. ಎರಡು ವಾರಗಳಲ್ಲಿ ಎಂಟು ಪಂದ್ಯಗಳನ್ನು ಬಿಸಿಲಿನಲ್ಲಿ ಆಡಬೇಕಾದಾಗ ಆ ಒಂದು ಜೊತೆ ಕಾಲುಗಳ ಬೆಲೆ ಹೆಚ್ಚು. ಆದ್ದರಿಂದ ಒಬ್ಬನೇ ಗೋಲ್ ರಕ್ಷಕನನ್ನು ಒಯ್ಯುವ ಧೈರ್ಯವನ್ನು ಮಾಡುತ್ತಾರೆ, ಎರಡನೆಯವನು ಮೀಸಲು. ಅನಂತರ ಪೆನಾಲ್ಟಿ ಕಾರ್ನರ್ ಹೊಡೆಯುವವರು. ಚೆಂಡನ್ನು ಕೋಲಿನ ತುದಿಯಲ್ಲಿ ಎಳೆದು ಚಿಮ್ಮಿಸುವ ಈ ಕೌಶಲ ಕೆಲವರಿಗೆ ಮಾತ್ರ ಸಿದ್ಧಿಸುತ್ತದೆ. ಒಬ್ಬನೇ ಇದ್ದರೆ ಅವನು ಹೊರಗಿರುವ ಹೊತ್ತಿನಲ್ಲಿ ದೊರೆತ ಅವಕಾಶ ವ್ಯರ್ಥವಾಗುತ್ತದೆ. ಆಮೇಲೆ ಎರಡು ಮೂರು ಸ್ಥಾನಗಳಲ್ಲಿ ಆಡಬಲ್ಲವರನ್ನು ನೋಡುತ್ತಾರೆ. ಮಧ್ಯಭಾಗದಲ್ಲಿಯೂ ಮುಂಪಡೆಯಲ್ಲಿಯೂ ಆಡಬಲ್ಲ ಒಬ್ಬನು, ಒಂದೇ ಸ್ಥಾನದಲ್ಲಿ ಅವನಿಗಿಂತ ಒಂದು ಕೂದಲೆಳೆ ಉತ್ತಮನಾದವನನ್ನು ಹಿಂದಿಕ್ಕುವುದು ಇಲ್ಲಿಯೇ. ಇಂದು ಆಟಗಾರರು ಅಂಗಿಯೊಳಗೆ ಪುಟ್ಟ ಉಪಕರಣವೊಂದನ್ನು ಧರಿಸಿ ಆಡುತ್ತಾರೆ. ಯಾರು ಎಷ್ಟು ದೂರ, ಎಷ್ಟು ವೇಗದಲ್ಲಿ ಓಡಿದರು ಎಂಬುದು ಅದರಿಂದ ತಿಳಿಯುತ್ತದೆ. ಆದರೆ ಹತ್ತು ದಿನ ಹೊರಗೆ ಕುಳಿತು ಹನ್ನೊಂದನೆಯ ದಿನ ಒಳಗೆ ಹೋದವನ ಕೈ ನಡುಗುವುದೋ ಇಲ್ಲವೋ ಎಂಬುದನ್ನು ಅಳೆಯುವ ಉಪಕರಣ ಇನ್ನೂ ಬಂದಿಲ್ಲ. ಅದನ್ನು ತರಬೇತುದಾರನು ತನ್ನ ಕಣ್ಣಿನಿಂದಲೇ ಅರಿಯಬೇಕು.

ಈ ಅರಿವು ಹಳೆಯ ಕಾಲದಲ್ಲಿಯೂ ಬೇಕಾಗಿತ್ತು. 1975ರಲ್ಲಿ ಕ್ವಾಲಾಲಂಪುರದಲ್ಲಿ ನಡೆದ ವಿಶ್ವಕಪ್ಪನ್ನು ನೆನೆಯಬಹುದು. ನಮ್ಮ ಕೊಡಗಿನ ಬಿ. ಪಿ. ಗೋವಿಂದ ಆ ತಂಡದಲ್ಲಿದ್ದರು. ಆಗ ಇಂದಿನಂತೆ ಬೇಕೆಂದಾಗ ಒಳಗೆ ಹೊರಗೆ ಹೋಗಿಬರುವ ಸ್ವಾತಂತ್ರ್ಯವಿರಲಿಲ್ಲ. ಉಪಾಂತ್ಯ ಪಂದ್ಯದಲ್ಲಿ ಆತಿಥೇಯ ಮಲೇಶಿಯಾದ ಎದುರು ಭಾರತವು 1–2ರಿಂದ ಹಿಂದೆ ಬಿದ್ದಿತ್ತು. ಆಟ ಮುಗಿಯಲು ಉಳಿದದ್ದು ಕೆಲವೇ ನಿಮಿಷ. ತಂಡದ ವ್ಯವಸ್ಥಾಪಕರಾಗಿದ್ದ ಹಿರಿಯ ಬಲ್ಬೀರ್ ಸಿಂಗರು ಹಿಂಪಡೆಯ ಮೈಕೆಲ್ ಕಿಂಡೊ ಅವರ ಸ್ಥಾನಕ್ಕೆ ಅದುವರೆಗೆ ಬೆಂಚಿನ ಮೇಲೆ ಕುಳಿತಿದ್ದ ಅಸ್ಲಂ ಶೇರ್ ಖಾನರನ್ನು ಕಳುಹಿಸಿದರು. ಭೋಪಾಲದ ಆ ತರುಣನು ಕೊರಳಿನ ತಾಯಿತಕ್ಕೆ ಮುತ್ತಿಟ್ಟು ಪೆನಾಲ್ಟಿ ಕಾರ್ನರ್ ಹೊಡೆದನು. ಚೆಂಡು ಗೋಲಿಗೆ ಸೇರಿತು. ಪಂದ್ಯ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಹರ್ಚರಣ್ ಸಿಂಗರ ಗೋಲಿನಿಂದ ಭಾರತ ಗೆದ್ದಿತು. ಮಾರ್ಚ್ 15ರಂದು ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ವಿಶ್ವಕಪ್ಪನ್ನು ತಂದಿತು. ಅಸ್ಲಮರ ತಂದೆ ಅಹಮದ್ ಶೇರ್ ಖಾನರೂ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದವರು.

ಈಗ ನಮ್ಮ ಕಾಲದ ಕಥೆಗೆ ಬರೋಣ. ಟೋಕಿಯೊ ಒಲಿಂಪಿಕ್ಸ್ 2020ರಲ್ಲಿ ನಡೆಯಬೇಕಾಗಿತ್ತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೊರೋನಾ ಸಾಂಕ್ರಾಮಿಕದಿಂದಾಗಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಹಾಕಿ ಆಟಗಾರರು ಕೆಂಗೇರಿಯ ಬಳಿಯ ಈ ಕೇಂದ್ರದಲ್ಲಿಯೇ ಉಳಿಯಬೇಕಾಯಿತು. ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು. ಜೂನ್ ತಿಂಗಳಲ್ಲಿ ಮನೆಗಳಿಗೆ ಹೋಗಿ, ಆಗಸ್ಟ್‌ನಲ್ಲಿ ಹಿಂದಿರುಗಿದಾಗ ಅವರಲ್ಲಿ ಕೆಲವರಿಗೆ ಸೋಂಕು ತಗುಲಿರುವುದು ಕಂಡುಬಂತು. ಚೇತರಿಸಿಕೊಂಡು ಮತ್ತೆ ಅಭ್ಯಾಸಕ್ಕಿಳಿದರು. ಹೊರಗಿನ ತಂಡಗಳೊಡನೆ ಆಡುವ ಅವಕಾಶ ಬಹಳ ಕಡಿಮೆಯಿತ್ತು. ಹೀಗಾಗಿ ತಮ್ಮ ತಮ್ಮಲ್ಲಿಯೇ ತಂಡಗಳನ್ನು ಮಾಡಿಕೊಂಡು ಆಡಿದರು. ಇಂದು ಎದುರಾಳಿಯಾಗಿ ನಿಂತವನು ರಾತ್ರಿ ಊಟಕ್ಕೆ ಪಕ್ಕದಲ್ಲಿ ಕೂರುತ್ತಿದ್ದನು. ಅವನೂ ನಾನೂ ಒಂದೇ ಸ್ಥಾನಕ್ಕೆ ಆಸೆಪಡುತ್ತಿದ್ದೇವೆ ಎಂಬುದು ಇಬ್ಬರಿಗೂ ಗೊತ್ತಿರುತ್ತಿತ್ತು.

2021ರ ಜೂನ್ 18ರಂದು ಹದಿನಾರು ಮಂದಿಯ ಪಟ್ಟಿ ಪ್ರಕಟವಾಯಿತು. ಆಸ್ಟ್ರೇಲಿಯದವರಾದ ಗ್ರಹಾಂ ರೀಡ್ ಅವರು ಆಗಿನ ತರಬೇತುದಾರರು. ಹದಿನಾರರಲ್ಲಿ ಹತ್ತು ಮಂದಿಗೆ ಅದು ಮೊದಲ ಒಲಿಂಪಿಕ್ಸ್. ಗೋಲ್ ರಕ್ಷಕರಾಗಿ ಪಿ. ಆರ್. ಶ್ರೀಜೇಶ್ ಒಬ್ಬರೇ. ಕರ್ನಾಟಕದವರು ಆ ಪಟ್ಟಿಯಲ್ಲಿ ಒಂದು ಹೆಸರನ್ನು ಹುಡುಕಿದರು; ಅದು ಅಲ್ಲಿರಲಿಲ್ಲ. ಕೊಡಗಿನ ಸೋಮವಾರಪೇಟೆಯ ಎಸ್. ವಿ. ಸುನಿಲ್, 2012 ಮತ್ತು 2016ರ ಎರಡು ಒಲಿಂಪಿಕ್ಸ್‌ಗಳಲ್ಲಿ ಆಡಿದವರು. ಭಾರತದ ಪರವಾಗಿ 260ಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದವರು. ಬಲಬದಿಯಲ್ಲಿ ಅವರು ಚೆಂಡಿನೊಡನೆ ಓಡಿದರೆ ಹಿಡಿಯುವವರು ಕಡಿಮೆ ಎಂಬ ಮಾತು ಲೋಕದಲ್ಲೆಲ್ಲ ಇತ್ತು. ಅವರಿಗಿಂತ ಕಿರಿಯರಾದ ಐವರು ಮುಂಪಡೆಯವರು ಆಯ್ಕೆಯಾದರು. ಟೋಕಿಯೊ ಮುಗಿದು ಎರಡು ತಿಂಗಳು ತುಂಬುವ ಮೊದಲೇ ಸುನಿಲ್ ನಿವೃತ್ತಿಯನ್ನು ಘೋಷಿಸಿದರು. ಆರಿಸಿದವರು ತಪ್ಪು ಮಾಡಿದರೆಂದು ಹೇಳಲು ಬರುವುದಿಲ್ಲ, ಫಲಿತಾಂಶ ಅವರ ಪರವಾಗಿದೆ. ಆದರೂ ಕೊಡಗಿನ ಮನೆಗಳಲ್ಲಿ ಆ ಜೂನ್ ತಿಂಗಳ ಸಂಜೆ ಹೇಗಿದ್ದಿರಬಹುದು ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಹದಿನಾರರ ಆಚೆಯ ಇಬ್ಬರು, ಮುಂಪಡೆಯ ಸಿಮ್ರನ್‌ಜೀತ್ ಸಿಂಗ್ ಮತ್ತು ಹಿಂಪಡೆಯ ವರುಣ್ ಕುಮಾರ್. ಇಬ್ಬರೂ 2016ರಲ್ಲಿ ಲಖನೌದಲ್ಲಿ ಕಿರಿಯರ ವಿಶ್ವಕಪ್ಪನ್ನು ಗೆದ್ದ ತಂಡದವರು. ಅಂತಿಮ ಪಂದ್ಯದಲ್ಲಿ ಬೆಲ್ಜಿಯಂ ಎದುರು ಭಾರತ ಹೊಡೆದ ಎರಡು ಗೋಲುಗಳಲ್ಲಿ ಒಂದು ಸಿಮ್ರನ್‌ಜೀತರದು. ಹಳೆಯ ನಿಯಮವೇ ಉಳಿದಿದ್ದರೆ ಇವರು ಟೋಕಿಯೊದಲ್ಲಿ ಯಾರಿಗಾದರೂ ಗಾಯವಾಗುವವರೆಗೆ ಪ್ರೇಕ್ಷಕರಾಗಿಯೇ ಇರಬೇಕಾಗಿತ್ತು. ಆದರೆ ಕ್ರೀಡೆಗಳ ಆರಂಭಕ್ಕೆ ಕೆಲವೇ ವಾರಗಳ ಮೊದಲು, ಸಾಂಕ್ರಾಮಿಕದ ಅನಿಶ್ಚಿತತೆಯನ್ನು ಕಂಡು, ಒಲಿಂಪಿಕ್ ಸಮಿತಿಯು ನಿಯಮವನ್ನು ಸಡಿಲಿಸಿತು. ಮೀಸಲು ಆಟಗಾರರನ್ನೂ ಸೇರಿಸಿ ಹದಿನೆಂಟು ಮಂದಿಯ ತಂಡ. ಒಂದೊಂದು ಪಂದ್ಯಕ್ಕೂ ಅವರಿಂದ ಹದಿನಾರು ಮಂದಿಯನ್ನು ಆರಿಸಬಹುದು. ರೋಗಕ್ಕೆ ಹೆದರಿ ಮಾಡಿದ ಈ ಸಣ್ಣ ತಿದ್ದುಪಡಿ ಇಬ್ಬರ ಬಾಳನ್ನು ಬದಲಿಸಿತು.

ಟೋಕಿಯೊದಲ್ಲಿ ಭಾರತವು ಮೊದಲ ಪಂದ್ಯದಲ್ಲಿ ನ್ಯೂಜಿಲೆಂಡನ್ನು ಸೋಲಿಸಿತು. ಮರುದಿನ ಆಸ್ಟ್ರೇಲಿಯದ ಕೈಯಲ್ಲಿ 1–7ರ ಭಾರಿ ಸೋಲು. ಇಂತಹ ಸೋಲಿನ ನಂತರ ತಂಡವೊಂದು ಕುಸಿದುಬೀಳುವುದು ಅಪರೂಪವಲ್ಲ. ಜುಲೈ 27ರಂದು ಸ್ಪೇನಿನ ಎದುರು ಮೊದಲ ಗೋಲನ್ನು ಹೊಡೆದವರು ಸಿಮ್ರನ್‌ಜೀತ್. ಭಾರತ 3–0ರಿಂದ ಗೆದ್ದಿತು. ಜುಲೈ 29ರಂದು ಹಿಂದಿನ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಅರ್ಜೆಂಟೀನದ ಎದುರು ಮೊದಲ ಗೋಲನ್ನು ಹೊಡೆದವರು ವರುಣ್ ಕುಮಾರ್. ಭಾರತ 3–1ರಿಂದ ಗೆದ್ದಿತು. ಕಾಲುಅಂತ್ಯದಲ್ಲಿ ಬ್ರಿಟನ್ ಎದುರು ಗೆಲುವು, ಉಪಾಂತ್ಯದಲ್ಲಿ ಬೆಲ್ಜಿಯಂ ಎದುರು ಸೋಲು. ಉಳಿದದ್ದು ಕಂಚಿನ ಪದಕಕ್ಕಾಗಿ ಜರ್ಮನಿಯೊಡನೆ ಹೋರಾಟ.

1980ರಲ್ಲಿ ಮಾಸ್ಕೋದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯ ಅವರಿದ್ದ ತಂಡ ಚಿನ್ನ ಗೆದ್ದ ಮೇಲೆ ನಲವತ್ತೊಂದು ವರ್ಷ ಹಾಕಿಯಲ್ಲಿ ಭಾರತಕ್ಕೆ ಒಲಿಂಪಿಕ್ ಪದಕ ದೊರೆತಿರಲಿಲ್ಲ. 2021ರ ಆಗಸ್ಟ್ 5ರ ಬೆಳಗ್ಗೆ ಪಂದ್ಯ ಆರಂಭವಾಗಿ ಎರಡೇ ನಿಮಿಷದಲ್ಲಿ ಜರ್ಮನಿ ಗೋಲು ಹೊಡೆಯಿತು. ಹದಿನೇಳನೆಯ ನಿಮಿಷದಲ್ಲಿ ಮಧ್ಯಭಾಗದಿಂದ ಮಣಿಪುರದ ನೀಲಕಂಠ ಶರ್ಮಾ ಉದ್ದನೆಯ ಚೆಂಡೊಂದನ್ನು ಮುಂದಕ್ಕೆ ಕಳುಹಿಸಿದರು. ವೃತ್ತದೊಳಗೆ ಅದನ್ನು ತಡೆದ ಸಿಮ್ರನ್‌ಜೀತ್ ಗರ್ರನೆ ತಿರುಗಿ, ಕೋಲಿನ ಹಿಮ್ಮುಖದಿಂದ ಹೊಡೆದರು. ಗೋಲು! ಸಮವಾದ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. 24 ಮತ್ತು 25ನೆಯ ನಿಮಿಷಗಳಲ್ಲಿ ಜರ್ಮನಿ ಎರಡು ಗೋಲು ಹೊಡೆದು 3–1ರಿಂದ ಮುಂದಾಯಿತು. ಅನೇಕರು ದೂರದರ್ಶನದ ಮುಂದಿನಿಂದ ಎದ್ದು ಹೋಗಿರಬೇಕು. ಎದ್ದವರು ಕೆಟ್ಟರು. 27ನೆಯ ನಿಮಿಷದಲ್ಲಿ ಹಾರ್ದಿಕ್ ಸಿಂಗ್, 29ರಲ್ಲಿ ಹರ್ಮನ್‌ಪ್ರೀತ್ ಸಿಂಗ್, ವಿರಾಮದ ನಂತರ 31ರಲ್ಲಿ ರೂಪಿಂದರ್ ಪಾಲ್ ಸಿಂಗ್ ಒಬ್ಬರಾದ ಮೇಲೊಬ್ಬರು ಗೋಲು ಹೊಡೆದರು. 34ನೆಯ ನಿಮಿಷದಲ್ಲಿ ಗುರ್ಜಂತ್ ಸಿಂಗ್ ಬಲಬದಿಯಿಂದ ನುಗ್ಗಿ ಒಳಕ್ಕೆ ತಳ್ಳಿದ ಚೆಂಡನ್ನು ಗೋಲಿನ ಬಾಯಲ್ಲಿ ಕಾದು ನಿಂತು ಒಳಗೆ ಸೇರಿಸಿದವರು ಮತ್ತೆ ಸಿಮ್ರನ್‌ಜೀತ್. ಜರ್ಮನಿ ಇನ್ನೊಂದು ಗೋಲು ಹೊಡೆಯಿತು. ಕೊನೆಯ ಕೆಲವೇ ಸೆಕೆಂಡುಗಳಿರುವಾಗ ಅವರಿಗೆ ಪೆನಾಲ್ಟಿ ಕಾರ್ನರ್ ದೊರೆಯಿತು. ಶ್ರೀಜೇಶ್ ಅದನ್ನು ತಡೆದರು. ಭಾರತ 5, ಜರ್ಮನಿ 4. ಒಂದೇ ಗೋಲಿನ ಅಂತರದಿಂದ ಗೆದ್ದ ಪಂದ್ಯದಲ್ಲಿ ಎರಡು ಗೋಲು ಹೊಡೆದವನು, ಜೂನ್ ತಿಂಗಳ ಪಟ್ಟಿಯಲ್ಲಿ ಇಲ್ಲದಿದ್ದವನು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸೊಗಸಾಗಿರುತ್ತದೆ. ಆದರೆ ಮೀಸಲು ಆಟಗಾರನ ಪಾಡಿನ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ. ಮೂರು ವರ್ಷಗಳ ಅನಂತರ ಪ್ಯಾರಿಸ್ ಒಲಿಂಪಿಕ್ಸ್ ಬಂದಿತು. ಮತ್ತೆ ಅದೇ ಜ್ಞಾನಭಾರತಿಯ ಶಿಬಿರ, ಮತ್ತೆ ಹದಿನಾರು ಹೆಸರುಗಳು. ಅವುಗಳ ಆಚೆ ಮೂವರು ಮೀಸಲು ಆಟಗಾರರು: ಜುಗರಾಜ್ ಸಿಂಗ್, ಗೋಲ್ ರಕ್ಷಕ ಕೃಷ್ಣ ಬಹಾದೂರ್ ಪಾಠಕ್, ಮತ್ತು ನೀಲಕಂಠ ಶರ್ಮಾ. ಹೌದು, ಟೋಕಿಯೊದಲ್ಲಿ ಮೀಸಲು ಆಟಗಾರನಿಗೆ ಚೆಂಡನ್ನು ಒದಗಿಸಿದ ನೀಲಕಂಠ ಶರ್ಮಾ ಈ ಸಲ ತಾವೇ ಮೀಸಲು ಆಟಗಾರರಾಗಿದ್ದರು.

ಪ್ಯಾರಿಸ್ಸಿನಲ್ಲಿ ಅವರನ್ನು ಕರೆಯುವ ಸಂದರ್ಭ ಬಂದೇಬಿಟ್ಟಿತೆಂದು ತೋರಿದ ದಿನವೊಂದಿತ್ತು. ಆಗಸ್ಟ್ 4ರ ಕಾಲುಅಂತ್ಯದಲ್ಲಿ ಹಿಂಪಡೆಯ ಅಮಿತ್ ರೋಹಿದಾಸರಿಗೆ ಕೆಂಪು ಚೀಟಿ ದೊರೆಯಿತು. ಪಂದ್ಯದ ಬಹುಭಾಗವನ್ನು ಹತ್ತೇ ಮಂದಿ ಆಡಿ, ಭಾರತವು ಬ್ರಿಟನ್ನನ್ನು ಶೂಟೌಟಿನಲ್ಲಿ ಸೋಲಿಸಿತು. ರೋಹಿದಾಸರ ಮೇಲೆ ಒಂದು ಪಂದ್ಯದ ನಿಷೇಧ. ಸರಿ, ಮೀಸಲು ಆಟಗಾರರಿದ್ದಾರಲ್ಲ ಎಂದು ಯಾರಾದರೂ ಹೇಳುತ್ತಾರೆ. ನಿಯಮ ಅದನ್ನು ಒಪ್ಪುವುದಿಲ್ಲ. ನಿಷೇಧಕ್ಕೊಳಗಾದವನ ಸ್ಥಾನ ಖಾಲಿಯೇ ಇರಬೇಕು. ಅದು ತಂಡಕ್ಕೆ ಕೊಟ್ಟ ಶಿಕ್ಷೆಯ ಭಾಗ. ಜುಗರಾಜ್ ಸಿಂಗ್ ಹಿಂಪಡೆಯ ಆಟಗಾರ, ಪೆನಾಲ್ಟಿ ಕಾರ್ನರ್ ಹೊಡೆಯುವುದರಲ್ಲಿ ನಿಪುಣ. ತಂಡಕ್ಕೆ ಅಂದು ಬೇಕಾಗಿದ್ದವನೇ ಅವನು. ಆದರೂ ಭಾರತವು ಉಪಾಂತ್ಯ ಪಂದ್ಯಕ್ಕೆ ಹದಿನೈದು ಮಂದಿಯೊಡನೆ ಇಳಿದು ಜರ್ಮನಿಗೆ 2–3ರಿಂದ ಸೋತಿತು. ಆಗಸ್ಟ್ 8ರಂದು ಸ್ಪೇನನ್ನು 2–1ರಿಂದ ಸೋಲಿಸಿ ಮತ್ತೆ ಕಂಚು ಗೆದ್ದಾಗ ಮೂವರೂ ಹೊರಗೇ ಇದ್ದರು. ಪದಕವನ್ನು ಕೊರಳಿಗೆ ಹಾಕಿಕೊಂಡವರು ಹದಿನಾರು ಮಂದಿ.

ಸುಮಾರು ಆರು ವಾರಗಳ ಅನಂತರ, ಸೆಪ್ಟೆಂಬರ್ 17ರಂದು, ಚೀನಾದಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯ ನಡೆಯಿತು. ಐವತ್ತು ನಿಮಿಷ ಕಳೆದರೂ ಯಾರೂ ಗೋಲು ಹೊಡೆದಿರಲಿಲ್ಲ. 51ನೆಯ ನಿಮಿಷದಲ್ಲಿ ಪಂದ್ಯದ ಏಕೈಕ ಗೋಲನ್ನು ಹೊಡೆದು ಭಾರತಕ್ಕೆ ಗೆಲುವು ತಂದವರು ಜುಗರಾಜ್ ಸಿಂಗ್.

ಗೋಲ್ ರಕ್ಷಕ ಪಾಠಕರ ಕಾಯುವಿಕೆ ಇನ್ನೂ ದೀರ್ಘವಾದದ್ದು. ಮುಂಪಡೆಯ ಆಟಗಾರನಾದರೆ ಇಂದಲ್ಲ ನಾಳೆ ಐದು ನಿಮಿಷವಾದರೂ ಆಡಬಹುದು. ಗೋಲ್ ರಕ್ಷಕನಿಗೆ ಇರುವುದು ಒಂದೇ ಸ್ಥಾನ. ಅದರಲ್ಲಿ ಶ್ರೀಜೇಶರಂತಹವರು ನಿಂತಿರುವಾಗ ಎರಡನೆಯವನು ಮಾಡಬೇಕಾದದ್ದೇನು? ಪಾಠಕ್ 2018ರಿಂದ ಹಿರಿಯರ ತಂಡದ ಸುತ್ತಮುತ್ತ ಇದ್ದವರು. ಶಿಬಿರದಲ್ಲಿ ದಿನವೂ ಭಾರವಾದ ಕವಚವನ್ನು ಕಟ್ಟಿಕೊಂಡು, ಹರ್ಮನ್‌ಪ್ರೀತರಂತಹವರು ಚಿಮ್ಮಿಸುವ ಚೆಂಡುಗಳನ್ನು ನೂರಾರು ಬಾರಿ ತಡೆಯುವುದು ಅವರ ಕೆಲಸವಾಗಿತ್ತು. ಅದರಿಂದ ಹೊಡೆಯುವವರ ಕೈ ಪಳಗಿತು. ತಡೆಯುವವನ ಕಣ್ಣೂ ಪಳಗಿತು. ಪ್ಯಾರಿಸ್ಸಿನಲ್ಲಿ ಕಂಚು ಗೆದ್ದ ದಿನವೇ ಶ್ರೀಜೇಶ್ ಆಟಕ್ಕೆ ವಿದಾಯ ಹೇಳಿದರು. 2025ರ ಸೆಪ್ಟೆಂಬರ್ 7ರಂದು ಬಿಹಾರದ ರಾಜಗೀರ್‌ನಲ್ಲಿ ಭಾರತವು ಕೊರಿಯವನ್ನು 4–1ರಿಂದ ಸೋಲಿಸಿ ಏಷ್ಯಾ ಕಪ್ಪನ್ನು ಗೆದ್ದಾಗ, ತಂಡದ ಪಟ್ಟಿಯಲ್ಲಿ ಗೋಲ್ ರಕ್ಷಕರ ಸಾಲಿನಲ್ಲಿ ಮೊದಲಿದ್ದ ಹೆಸರು ಕೃಷ್ಣ ಬಹಾದೂರ್ ಪಾಠಕ್.

ಅದೇ ಸಾಲಿನಲ್ಲಿ ಎರಡನೆಯ ಹೆಸರೊಂದಿತ್ತು: ಸೂರಜ್ ಕರ್ಕೇರ. ಕರ್ಕೇರ ಎಂಬುದು ನಮ್ಮ ಕರಾವಳಿಯವರಿಗೆ ಚಿರಪರಿಚಿತವಾದ ಮನೆತನದ ಹೆಸರು, ಆಟಗಾರನು ಮುಂಬಯಿಯವನು. ಪಾಠಕ್ ಗೋಲಿನ ಮುಂದೆ ನಿಂತಾಗ ಬೆಂಚಿನ ಮೇಲೆ ಕವಚವನ್ನು ಕಟ್ಟಿಕೊಂಡು ಕೂರುವ ಸರದಿ ಆಗ ಅವನದಾಗಿತ್ತು.